ಒಂದು ಕಣ್ಣಿಗೆ ಒಂದು ಕೋವಿ

ಬಲಗಣ್ಣು ಕೈಕೊಟ್ಟ ಮೇಲೆ ಆರಿನ್ ಹೌಗೆನ್ ಮಾಡಿದ ಮೊದಲ ಕೆಲಸ ತನ್ನ ಎರಡೂ ಕೋವಿಗಳನ್ನು ಮಾರಿದ್ದು. ಒಂದು, ಬೆಟ್ಟ ಹತ್ತುವಾಗ ಹೆಗಲಿಗೆ ಹೊರೆಯಾಗದ ಬೇಟೆಯ ಕೋವಿ. ಇನ್ನೊಂದು ಗುರಿಕಾರರ ಕ್ಲಬ್ಬಿನ ದೂರದ ಗುರಿಗೆಂದೇ ಮಾಡಿಸಿದ್ದು, ದಪ್ಪ ನಳಿಗೆಯದು, ಎತ್ತಿ ಮೇಜಿನ ಮೇಲಿಡುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುವಂಥದ್ದು. ಎರಡೂ ಬಲಗೈಯವರ ಕೋವಿಗಳು. ಬಲಗಣ್ಣಿಲ್ಲದವನಿಗೆ ಅವು ಒಲೆಯ ಕೊಳ್ಳಿಗೆ ಸಮ. ಹೆಂಡತಿ ವರ್ನಾಗೆ ಒಳಗೊಳಗೇ ನಿರಾಳವಾಯಿತು. ಅಂತೂ ಮುದುಕ ಒಪ್ಪಿಕೊಂಡ, ಇನ್ನು ಕಿಟಕಿಯ ಪಕ್ಕ ಕಾಫಿ ಕುಡಿದುಕೊಂಡು ಇರುತ್ತಾನೆ ಎಂದುಕೊಂಡಳು. ನಲವತ್ತು ವರ್ಷ ಸಂಸಾರ ಮಾಡಿದ ಮೇಲೂ ಹೆಂಡಂದಿರು ಹೀಗೆ ಅಂದುಕೊಳ್ಳುವುದುಂಟು. ಮಾರಿದ ದುಡ್ಡು ಜೇಬಿಗಿಳಿಯುವ ಮೊದಲೇ ಆರಿನ್ ಅದೇ ಅಂಗಡಿಯ ಗಾಜಿನ ಪೆಟ್ಟಿಗೆಯ ಮೇಲೆ ಮೊಣಕೈ ಊರಿ ನಿಂತು, "ಎಡಗೈಯೋರ್ದು ಏನಿದೆ ತೋರ್ಸು," ಎಂದ.

ಕೋವಿ ಅಂಗಡಿಯ ಟೆಸ್ಮನ್ ಕನ್ನಡಕದ ಮೇಲಿಂದ ನೋಡಿದ. "ಎಡಗೈದು ತಂದಿಟ್ರೆ ಧೂಳು ಕೂರುತ್ತೆ ಅಷ್ಟೇ. ಹೇಳಿ ಮಾಡಿಸ್ಬೇಕು. ಬೇಟೆಗೋ, ಗುರಿಗೋ?"

"ಎರಡಕ್ಕೂ."

"ಎರಡಕ್ಕೂ ಅಂತ ಕೋವಿ ಇರಲ್ಲ ಆರಿನ್. ಎರಡಕ್ಕೂ ಸುಮಾರಾಗಿರೋ ಕೋವಿ ಇರುತ್ತೆ."

"ಒಂದು ಕಣ್ಣಿಗೆ ಎರಡು ಕೋವಿ ಯಾತಕ್ಕಯ್ಯಾ? ಒಂದು ಕಣ್ಣಿಗೆ ಒಂದು ಕೋವಿ. ಅದೇ ಬೆಟ್ಟ ಹತ್ಬೇಕು, ಅದೇ ಕ್ಲಬ್ಬಿನ ಉಕ್ಕಿನ ತಟ್ಟೆ ಬಾರಿಸ್ಬೇಕು."

ಜೊತೆಯಲ್ಲಿ ಬಂದಿದ್ದ ಲೈಲ್ ಹೊಟ್ಟೆ ಹಿಡಿದುಕೊಂಡು ನಕ್ಕ. ಲೈಲ್ ಪಕ್ಕದ ದನದ ದೊಡ್ಡಿಯವನು, ಮೊಂಟಾನಾದ ಆ ಬೆಟ್ಟಗಳಲ್ಲಿ ಮೂವತ್ತು ವರ್ಷ ಆರಿನ್‌ನ ಜೊತೆ ಎಲ್ಕ್ ಎಂಬ ದೈತ್ಯ ಕಡವೆಗಳನ್ನು ಬೆನ್ನಟ್ಟಿದವನು. ನಗುವುದಕ್ಕೆ ಅವನಿಗೆ ಹಕ್ಕಿತ್ತು. "ಎರಡು ದೋಣಿ ಮೇಲೆ ಕಾಲಿಟ್ಟೋನ ಗತಿ ಗೊತ್ತಲ್ಲ?" ಎಂದ.

"ನನ್ನ ಕಾಲು ಚೆನ್ನಾಗಿದೆ. ಹೋಗಿರೋದು ಕಣ್ಣು," ಎಂದ ಆರಿನ್.

ಅವತ್ತು ಮಧ್ಯಾಹ್ನವಿಡೀ ಅಂಗಡಿಯಲ್ಲಿ ಅದೇ ಮಾತು. ಹಗುರಾದ ಕೋವಿ ಬೆಟ್ಟಕ್ಕೆ ಒಳ್ಳೆಯದು, ಆದರೆ ಕೈಯಲ್ಲಿ ನಿಲ್ಲುವುದಿಲ್ಲ, ಹೊಡೆದರೆ ಕರುವಿನ ಹಾಗೆ ಜಿಗಿಯುತ್ತದೆ. ಭಾರದ್ದು ಕದಲದೆ ಕೂತಿರುತ್ತದೆ, ಆದರೆ ಅದನ್ನು ಹೊತ್ತು ಮೇಲೆ ಹೋದವನು ಅಲ್ಲೇ ಮಲಗಬೇಕಾಗುತ್ತದೆ. ನಳಿಗೆ ಸಪೂರವೂ ಬೇಡ, ದಪ್ಪವೂ ಬೇಡ, ನಡುಮಧ್ಯದ್ದು ಇರಲಿ ಎನ್ನುವಲ್ಲಿಗೆ ಒಂದು ತೀರ್ಮಾನವಾಯಿತು. ಜಗಳ ಉಳಿದದ್ದು ಗುಂಡಿನ ಗಾತ್ರಕ್ಕೆ.

"ಸಣ್ಣ ಗುಂಡು ತಗೋ, ನನ್ ಮಾತು ಕೇಳು," ಎಂದ ಲೈಲ್. "ಒದೆಯಲ್ಲ. ಗುಂಡು ಎಲ್ಲಿ ಬಿತ್ತು ಅಂತ ಕೋವಿಯ ದುರ್ಬೀನಲ್ಲಿ ನೀನೇ ನೋಡ್ಬಹುದು. ದಪ್ಪದ್ದು ಹೊಡೆದ್ರೆ ಕೋವಿ ಆಕಾಶ ನೋಡುತ್ತೆ. ನೀನು ಏನೂ ನೋಡಲ್ಲ."

"ನಿನ್ನ ಗುಂಡು ತಟ್ಟೆಗೆ ತಾಗಿದ್ರೆ ಕಪ್ಪಿಗೆ ಚಮಚ ತಾಗಿದ ಹಾಗೆ ಕೇಳುತ್ತೆ ಕಣೋ. ಟಿಣ್ ಅಂತ. ನನಗೇ ನಾಚಿಕೆ ಆಗುತ್ತೆ. ನಂದು ಚರ್ಚಿನ ಗಂಟೆ ಥರ ಕೇಳ್ಬೇಕು. ಅಲ್ದೆ ಎಲ್ಕು ಅಂದ್ರೆ ಮೊಲವಾ? ಕುದುರೆಯಷ್ಟು ಎತ್ತರ ನಿಲ್ಲುತ್ತೆ. ಅದನ್ನ ಚಮಚದಲ್ಲಿ ಹೊಡೆದು ನೋಯಿಸಿ ಕಳ್ಸೋಕಾಗಲ್ಲ."

"ಸರಿ, ಗುಂಡು ಬಿದ್ದ ಜಾಗ ಯಾರು ನೋಡ್ತಾರೆ?"

"ವರ್ನಾ ನೋಡ್ತಾಳೆ. ಅವಳಿಗೆ ಎರಡು ಕಣ್ಣಿದೆ, ಎರಡೂ ಚೆನ್ನಾಗಿದೆ. ಅಲ್ದೆ ನನ್ನ ಹತ್ರ ಸುಳ್ಳು ಹೇಳೋಳಲ್ಲ."

ವರ್ನಾ ಆಗ ಅಂಗಡಿಯ ಮೂಲೆಯಲ್ಲಿ ಉಣ್ಣೆಯ ಕಾಲುಚೀಲಗಳನ್ನು ತಿರುವಿ ನೋಡುತ್ತಿದ್ದಳು. ಮಾತು ಕಿವಿಗೆ ಬಿತ್ತು. ಬೇರೆ ಹೆಂಗಸರಿಗೆ ಗಂಡ ಚೆಲುವೆ ಎಂದರೆ ಆಗುವ ಸಂತೋಷ ಅವಳಿಗೆ ಆ ಮಾತಿಗೆ ಆಯಿತು. ಬೇಕಿಲ್ಲದಿದ್ದರೂ ಒಂದು ಜೊತೆ ಕಾಲುಚೀಲ ಕೊಂಡಳು.

ಆರಿನ್‌ನದು ಕಣ್ಣಿನ ನಡುಭಾಗ ಅಳಿಸಿ ಹೋಗುವ ಕಾಯಿಲೆ. ಪೂರ್ತಿ ಕತ್ತಲೆಯಾಗಿದ್ದರೆ ಮನುಷ್ಯ ಒಂದು ದಿನ ಅತ್ತು ಸುಮ್ಮನಾಗಬಹುದು. ಇದು ಅದಕ್ಕಿಂತ ಕೆಟ್ಟದ್ದು. ಅಂಚೆಲ್ಲ ಕಾಣುತ್ತದೆ, ಬೇಲಿ ಕಾಣುತ್ತದೆ, ಆಕಾಶ ಕಾಣುತ್ತದೆ, ಯಾವುದರ ಮೇಲೆ ಕಣ್ಣಿಡುತ್ತೀಯೋ ಅದು ಮಾತ್ರ ಕಾಣುವುದಿಲ್ಲ. ಹೆಂಡತಿಯ ಕಡೆ ನೋಡಿದರೆ ಅವಳ ಕೂದಲು, ಕಿವಿಯೋಲೆ, ಭುಜ ಎಲ್ಲ ಇರುತ್ತವೆ, ಮುಖ ಇರುವುದಿಲ್ಲ. ಬಲಗಣ್ಣು ಹಾಗಾಗಿತ್ತು. ಎಡಗಣ್ಣಿಗೂ ಹತ್ತಿದೆ ಎಂದು ಪಟ್ಟಣದ ಕಣ್ಣಿನ ಡಾಕ್ಟರಮ್ಮ ಹೇಳಿದಳು. ಕಣ್ಣಿಗೇ ಸೂಜಿ ಚುಚ್ಚಿ ಔಷಧಿ ಹಾಕುತ್ತಿದ್ದಳು, ಪಾಪ, ಪ್ರಯತ್ನ ಅವಳೂ ಮಾಡಿದಳು. "ಹಿಮ ಬೀಳೋ ತನಕ ಉಳಿದ್ರೆ ಪುಣ್ಯ," ಎಂದದ್ದನ್ನು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂತು ಕೇಳಿದ್ದರು. ಕೇಳಿ ಎದ್ದು ಬಂದು, ಆಸ್ಪತ್ರೆಯ ಎದುರಿನ ಹೋಟೆಲಲ್ಲಿ ಸೇಬಿನ ಪೈ ತಿಂದು, ಕೋವಿಯ ಮಾತಾಡಿಕೊಂಡು ಊರಿಗೆ ಬಂದಿದ್ದರು.

ಕೋವಿ ತಯಾರಾಗುವುದು ಬೇಸಗೆಯ ಕೊನೆಗೆ. ಬೇಟೆಯ ಕಾಲ ಶುರುವಾಗುವುದು ಮೊದಲ ಹಿಮದ ಹೊತ್ತಿಗೆ. ನಡುವೆ ಇರುವುದೇ ಅಷ್ಟು ಸಮಯ. ಆರಿನ್ ಸುಮ್ಮನೆ ಕೂರಲಿಲ್ಲ. ಪೊರಕೆಯ ಕೋಲನ್ನು ಎಡ ಹೆಗಲಿಗೆ ಒತ್ತಿ, ಎಡಗಣ್ಣಿನಿಂದ ಹಟ್ಟಿಯ ಬಾಗಿಲಿನ ಚಿಲಕಕ್ಕೆ ಗುರಿಯಿಟ್ಟು, ಬಾಯಲ್ಲೇ ಢಂ ಎನ್ನುತ್ತಿದ್ದ. ಹೊಡೆದಾದ ಮೇಲೆ ಅವನ ಬಲಗೈ ತಾನಾಗಿಯೇ ಬಲಗಡೆಗೆ ಹೋಗಿ, ಅಲ್ಲಿಲ್ಲದ ಬೋಲ್ಟನ್ನು, ಮುಂದಿನ ತೋಟಾ ತುಂಬಲು ಎಳೆಯುವ ಹಿಡಿಯನ್ನು, ಗಾಳಿಯಲ್ಲಿ ಹುಡುಕುತ್ತಿತ್ತು. ಜಿಲ್ಲೆಯ ರಸ್ತೆಗಳ ಹಿಮ ಗುಡಿಸುವ ಲಾರಿಯನ್ನು ಒಂದು ಆಯಸ್ಸಿನಷ್ಟು ಓಡಿಸಿದ ಕೈ ಅದು, ಹೇಳಿದ ಮಾತು ಕೇಳುವ ಜಾತಿಯದಲ್ಲ.

"ಪೊರಕೆ ಹಿಡಿದಿದ್ದೀಯ, ಹಾಗೇ ಕಸಾನೂ ಗುಡಿಸ್ಬಿಡು," ಎನ್ನುತ್ತಿದ್ದಳು ವರ್ನಾ.

"ಎಲ್ಕ್ ಬೇಟೆ ಕಾಲ ಬರ್ಲಿ, ನಿಂಗೇ ಈ ಪೊರಕೆ ಕೊಟ್ಟು ಕಳಿಸ್ತೀನಿ, ನೋಡ್ತಿರು," ಎನ್ನುತ್ತಿದ್ದ ಅವನು. ಆ ಬೇಸಗೆಯಲ್ಲಿ ಅವನು ದಿನಾ ಗಡ್ಡ ಹೆರೆದುಕೊಂಡ, ತಟ್ಟೆಗೆ ಹಾಕಿದ್ದನ್ನು ಬಿಡದೆ ಉಂಡ. ಕೋವಿಯೊಂದು ಬರುವುದಿದೆ ಎಂಬ ಒಂದೇ ಆಸೆಗೆ ಆ ಮನುಷ್ಯ ನೇತುಬಿದ್ದಿದ್ದ.

ಡಾಕ್ಟರಮ್ಮ ಒಂದು ಚೌಕುಳಿ ಗೆರೆಯ ಹಾಳೆ ಕೊಟ್ಟಿದ್ದಳು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಬೆಳಿಗ್ಗೆ ಎದ್ದ ಕೂಡಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಬೇಕು. ಗೆರೆ ನೆಟ್ಟಗೆ ಕಂಡರೆ ಸರಿ. ಡೊಂಕಾಗಿಯೋ ನಡುವೆ ಅಳಿಸಿದಂತೆಯೋ ಕಂಡರೆ ಆ ದಿನವೇ ಫೋನು ಮಾಡಬೇಕು. ಆರಿನ್ ದಿನಾ ನೋಡುತ್ತಿದ್ದ, ದಿನಾ "ನೆಟ್ಟಗಿದೆ" ಎನ್ನುತ್ತಿದ್ದ. ಒಂದು ಬೆಳಿಗ್ಗೆ ವರ್ನಾ ಫ್ರಿಜ್ಜು ಒರೆಸುವಾಗ ಹಾಳೆ ತೆಗೆದು ಮೇಜಿನ ಮೇಲಿಟ್ಟು, ಅಂಟಿಸುವುದನ್ನು ಮರೆತಿದ್ದಳು. ಬಿಳಿ ಬಾಗಿಲು ಖಾಲಿ. ಆರಿನ್ ಬಂದು ಅಭ್ಯಾಸಬಲದಿಂದ ಎದುರು ನಿಂತು, ಬಲಗಣ್ಣಿಗೆ ಅಂಗೈ ಮುಚ್ಚಿ, "ನೆಟ್ಟಗಿದೆ ಕಣೇ, ರೈಲು ಹಳಿ ಇದ್ದ ಹಾಗೆ," ಎಂದು ಹೇಳಿ ಕಾಫಿ ಬಗ್ಗಿಸಿಕೊಂಡ. ವರ್ನಾ ಸಿಂಕಿನ ಕಡೆ ತಿರುಗಿ ನಲ್ಲಿ ಜೋರಾಗಿ ಬಿಟ್ಟಳು. ಅವಳ ಅಳು ಅವನಿಗೆ ಕೇಳಿಸಬಾರದಿತ್ತು.

ಆಮೇಲೆ ಆ ಖಾಲಿ ಬಾಗಿಲಿನ ಮಾತೆತ್ತದೆ ವರ್ನಾಳೇ ಡಾಕ್ಟರಮ್ಮನಿಗೆ ಫೋನು ಮಾಡಿದಳು, ಸೂಜಿ ಹಾಕಿಸಿದರು. ಸುಣ್ಣ ಬಳಿದರೆ ಬಿದ್ದ ಗೋಡೆ ಎದ್ದು ನಿಲ್ಲುವುದಿಲ್ಲ.

ಕೋವಿ ಬಂತು. ಚೆನ್ನಾಗಿತ್ತು, ಅದೇ ಸಂಕಟದ ವಿಷಯ. ಆಕ್ರೋಟಿನ ಮರದ ಹಿಡಿ, ಎಡಗಡೆಗೆ ಬೋಲ್ಟು, ಅವನು ಹಟ ಹಿಡಿದ ದಪ್ಪ ಗುಂಡು, ಹೊರಲೂ ಬರುವಂಥ ತೂಕ. ಟೆಸ್ಮನ್ ಕೂಡ "ಎರಡಕ್ಕೂ ಸುಮಾರು ಅಂದಿದ್ದೆ, ಎರಡಕ್ಕೂ ಚೆನ್ನಾಗೇ ಬಂದುಬಿಡ್ತು," ಎಂದು ಒಪ್ಪಿಕೊಂಡ. ಆರಿನ್ ಅದನ್ನು ಕಣ್ಣಿಂದ ನೋಡಲಿಲ್ಲ. ಮಗುವಿನ ಬೆನ್ನು ನೇವರಿಸುವಂತೆ ಉದ್ದಕ್ಕೂ ಬೆರಳಾಡಿಸಿದ.

ಈಗ ಉಳಿದದ್ದು ಒಂದೇ ಪರೀಕ್ಷೆ. ಅದು ಆರಿನ್‌ನ ಅಪ್ಪನ ಕಾಲದ ಕಟ್ಟಳೆ. ಬೇಟೆಯ ಕಾಲಕ್ಕೆ ಮುಂಚೆ ನಾನೂರು ಗಜದ ಉಕ್ಕಿನ ತಟ್ಟೆಗೆ ಐದು ಗುಂಡು, ಐದರಲ್ಲಿ ನಾಲ್ಕು ತಾಗಬೇಕು. ತಾಗಿಸಿದವನು ಬೆಟ್ಟಕ್ಕೆ ಹೋಗಬಹುದು, ಇಲ್ಲದವನು ಮನೆಯಲ್ಲಿರಬೇಕು. ತಟ್ಟೆಗೆ ನೋವಿಲ್ಲ, ಪ್ರಾಣಿಗೆ ಇದೆ ಎನ್ನುತ್ತಿದ್ದ ಆ ಅಪ್ಪ. ಕ್ಲಬ್ಬಿನಲ್ಲಿ ಬೇರೆ ಯಾರಿಗೂ ಈ ಕಟ್ಟಳೆ ಇರಲಿಲ್ಲ, ಆದರೆ ಆರಿನ್ ಅದನ್ನು ಎಲ್ಲರ ಮೇಲೂ ಹೇರುತ್ತಿದ್ದ. ಲೈಲ್‌ನ ಅಳಿಯ ಒಂದು ವರ್ಷ ಐದರಲ್ಲಿ ಮೂರು ತಾಗಿಸಿದಾಗ, ಎಲ್ಲರೆದುರಿಗೇ "ಮನೇಲಿ ಕೂತು ಮಗು ಆಡಿಸು," ಎಂದು ಕಳಿಸಿದ್ದ. ಅಂಥವನು ತನಗೊಂದು, ಪರರಿಗೊಂದು ನ್ಯಾಯ ಮಾಡಿಕೊಳ್ಳುವ ಪೈಕಿ ಅಲ್ಲ.

ಪರೀಕ್ಷೆಯ ಹಿಂದಿನ ದಿನ ಲೈಲ್ ಅಂಗಳದಲ್ಲಿ ವರ್ನಾಳನ್ನು ಹಿಡಿದ. ಅವಳು ಬಟ್ಟೆ ಒಣಹಾಕುತ್ತಿದ್ದಳು.

"ಅವನ ಕೈಲಿ ಆಗಲ್ಲ ವರ್ನಾ. ನಿಂಗೂ ಗೊತ್ತು, ನಂಗೂ ಗೊತ್ತು."

"ಗೊತ್ತು."

"ಪಕ್ಕದ ಮೇಜಲ್ಲಿ ನಾನು ಕೂತಿರ್ತೀನಿ. ನನ್ನ ಕೋವಿಗೆ ಸದ್ದಡಗಿಸೋ ಕೊಳವೆ ಇದೆ. ಅವನು ಹೊಡೆಯೋ ಗಳಿಗೇಲೇ ನಾನೂ ಹೊಡೀತೀನಿ. ಅವನ ಢಮಾರ್‌ನಲ್ಲಿ ನಂದು ಯಾರಿಗೂ ಕೇಳಲ್ಲ. ಅವನು ಉಸಿರು ಬಿಟ್ಟು ಎಷ್ಟು ಹೊತ್ತಿಗೆ ಕೋವಿಯ ಕುದುರೆ ಎಳೀತಾನೆ ಅಂತ ನಂಗೆ ನನ್ನ ಉಸಿರಿಗಿಂತ ಚೆನ್ನಾಗಿ ಗೊತ್ತು. ತಟ್ಟೆ ಸದ್ದು ಮಾಡುತ್ತೆ. ನೀನು ತಾಗ್ತು ಅನ್ನು, ಅಷ್ಟೇ."

"ಆಮೇಲೆ ಬೆಟ್ಟದಲ್ಲಿ?"

"ಯಾವ ಪ್ರಾಣೀನೂ ಬರದ ಕಡೆ ಕರ್ಕೊಂಡು ಹೋಗಿ ಕೂರಿಸ್ತೀನಿ. ಬಿಸಿಲು ಕಾಯಿಸ್ಕೊಂಡು ಬರ್ತೀವಿ. ಇದೊಂದು ಸಲ ಕಣಮ್ಮ. ಇನ್ನೊಂದು ವರ್ಷ ಅಂತ ಎಲ್ಲಿದೆ?"

ವರ್ನಾ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಒದ್ದೆ ಅಂಗಿಯನ್ನು ಎರಡು ಸಲ ಕೊಡವಿ ಹಾಕಿದಳು. ಕೆಲವು ಪಾಪಗಳನ್ನು ಮಾಡಲು ಬಾಯಿ ತೆರೆಯಲೂ ಬೇಕಾಗುವುದಿಲ್ಲ.

ಮಾರನೆಯ ದಿನ ಕಾರನ್ನು ವರ್ನಾ ಓಡಿಸಿದಳು. ಆರಿನ್ ಪಕ್ಕದಲ್ಲಿ ಕೂತು, ಎಂದಿನಂತೆ ದಾರಿಯುದ್ದಕ್ಕೂ ಕೇಳುತ್ತಲೇ ಇದ್ದ. "ಕೆರೆ ಹತ್ರ ಜಿಂಕೆ ಇದಾವಾ?" "ಮೂರಿವೆ, ಒಂದು ಮರಿ." "ಪೀಟರ್ಸನ್ನ ಹುಲ್ಲು ಕೊಯ್ದಾಯ್ತಾ?" "ಅರ್ಧ ಆಗಿದೆ." ಹೀಗೆ ಅವಳು ಹೇಳಿದ್ದನ್ನೆಲ್ಲ ಅವನು ನೋಡಿದಂತೆ ತಲೆಯಾಡಿಸುತ್ತಿದ್ದ. ಮನೆಯಲ್ಲಿ ಮಾತು ಕಡಿಮೆಯಾಗಿ ಎಷ್ಟೋ ವರ್ಷವಾಗಿತ್ತು. ಕಣ್ಣು ಹೋಗಿ ಮಾತು ಬಂದಿತ್ತು.

ಗುರಿ ಬಯಲಿನಲ್ಲಿ ಅವತ್ತು ಬೇರೆ ಯಾರೂ ಇರಲಿಲ್ಲ. ಲೈಲ್ ತಟ್ಟೆಗೆ ಹೊಸದಾಗಿ ಬಿಳಿ ಬಣ್ಣ ಬಳಿದು ಬಂದು, ತನ್ನ ಕೋವಿಯನ್ನು ಪಕ್ಕದ ಮೇಜಿನಲ್ಲಿಟ್ಟು, ಸುಮ್ಮನೆ ಒರೆಸುವವನ ಹಾಗೆ ನಟಿಸುತ್ತಿದ್ದ. ಆರಿನ್ ಕಿವಿಗೆ ಮುಚ್ಚಿಗೆ ಹಾಕಿಕೊಂಡ. ಕೋವಿಯ ದೊಡ್ಡ ಸದ್ದನ್ನು ತಡೆದು, ದೂರದ ಸಣ್ಣ ಸದ್ದನ್ನು ಒಳಗೆ ಬಿಡುವಂಥದ್ದು ಅದು. ವರ್ನಾ ಮುಕ್ಕಾಲಿಯ ದುರ್ಬೀನಿಗೆ ಕಣ್ಣಿಟ್ಟಳು. ತಟ್ಟೆ ಚಂದ್ರನ ಹಾಗೆ ತುಂಬಿ ನಿಂತಿತ್ತು.

ಆರಿನ್ ಉಸಿರು ಬಿಟ್ಟ, ಕುದುರೆ ಎಳೆದ. ಕೋವಿ ಒದೆಯಿತು. ತಟ್ಟೆಯ ಬಲಕ್ಕೆ, ಒಂದು ಮಾರು ಆಚೆ ಮಣ್ಣು ಚಿಮ್ಮಿದ್ದನ್ನು ವರ್ನಾ ಕಂಡಳು. ಅದೇ ಹೊತ್ತಿಗೆ ತಟ್ಟೆಯ ನಡುವೆ ಉಗುರಿನಷ್ಟು ಬಣ್ಣ ಹಾರಿತು. ಆಮೇಲೆ ಸದ್ದು ಬಂತು. ಟಿಣ್.

"ತಾಗ್ತು!" ಎಂದಳು.

ಆರಿನ್‌ನ ಬಲಗೈ ಬಲಕ್ಕೆ ಹೋಗಿ, ತಪ್ಪು ತಿಳಿದು ವಾಪಸು ಬಂತು. ಎರಡನೆಯ ಗುಂಡು ತಟ್ಟೆಯ ಕೆಳಗೆ ಕಲ್ಲಿಗೆ ಬಡಿಯಿತು. ಟಿಣ್. "ತಾಗ್ತು!" ಮೂರನೆಯದು ಎಲ್ಲಿ ಹೋಯಿತೋ ವರ್ನಾಗೆ ಕಾಣಲೇ ಇಲ್ಲ. ಟಿಣ್. "ತಾಗ್ತು ಆರಿನ್, ತಾಗ್ತು!" ಅವಳ ದನಿ ಅವಳಿಗೇ ಮಕ್ಕಳಿಗೆ ಊಟ ಮಾಡಿಸುವಾಗಿನ ದನಿಯಂತೆ ಕೇಳಿಸಿತು.

ನಾಲ್ಕನೆಯದಕ್ಕೆ ಲೈಲ್‌ನ ಬೋಲ್ಟು ಎಲ್ಲೋ ಸಿಕ್ಕಿಕೊಂಡಿತು. ಅವನು ಅದರ ಜೊತೆ ಒದ್ದಾಡುತ್ತಿರುವಾಗಲೇ ಆರಿನ್ ಕುದುರೆ ಎಳೆದುಬಿಟ್ಟ. ದುರ್ಬೀನಿನಲ್ಲಿ ತಟ್ಟೆ ಇದ್ದಕ್ಕಿದ್ದಂತೆ ಸರಪಳಿಯ ಮೇಲೆ ಹಿಂದಕ್ಕೆ ಜೀಕಿತು, ಅಂಗೈಯಷ್ಟು ಬಣ್ಣ ಹಾರಿಹೋಯಿತು. ಬಯಲಿನ ಉದ್ದಕ್ಕೂ ದಪ್ಪವಾಗಿ, ನಿಧಾನವಾಗಿ, ಭಾನುವಾರದ ಗಂಟೆಯಂತೆ ಸದ್ದು ಬಂತು. ವರ್ನಾ ನಿಜಕ್ಕೂ ಕಿರುಚಿದಳು. "ತಾಗ್ತು! ಅಯ್ಯೋ ಆರಿನ್, ತಾಗ್ತು ಕಣೋ!" ಎಂದು ಅವನ ಬೆನ್ನಿಗೆ ಗುದ್ದಿದಳು. ಕಣ್ಣಲ್ಲಿ ನೀರೇ ಬಂತು. ಲೈಲ್ ಬಾಯಿ ಬಿಟ್ಟುಕೊಂಡು ಕೂತಿದ್ದ.

ಆರಿನ್ ಕೋವಿಯ ಹಿಡಿಯಿಂದ ಕೆನ್ನೆ ಎತ್ತಿದ. ಆ ದಪ್ಪ ಸದ್ದು ಸಾಯುವ ತನಕ ಕೇಳಿಸಿಕೊಂಡ. ಮುಖದಲ್ಲಿ ಒಂದು ಗಳಿಗೆ ಎಂಥದೋ ಬೆಳಕು ಹಾದುಹೋಗಿ, ಹಾಗೇ ಆರಿತು. ಆಮೇಲೆ ಐದನೆಯ ತೋಟಾ ಹಾಕಿದ. ಈ ಸಲ ಬಹಳ ಹೊತ್ತು ಗುರಿಯಿಡಲಿಲ್ಲ.

ವರ್ನಾ ನೋಡುತ್ತಿದ್ದಳು. ಮಣ್ಣು ಚಿಮ್ಮಿದ್ದು ತಟ್ಟೆಯ ಹತ್ತಿರದಲ್ಲೆಲ್ಲೂ ಅಲ್ಲ. ಎಡಗಡೆಯ ಗುಡ್ಡದಲ್ಲಿ, ಕೊಟ್ಟಿಗೆಯೊಂದು ಹಿಡಿಸುವಷ್ಟು ಆಚೆ, ಒಂದು ಬಡ ಪೊದೆಯ ಬುಡದಲ್ಲಿ ಧೂಳೆದ್ದಿತು. ಟಿಣ್ ಎಂದಿತು ತಟ್ಟೆ. ಅವಳ ಬಾಯಿ ತೆರೆಯಿತು. ಮುಚ್ಚಿಬಿಡಬಹುದಾಗಿತ್ತು.

"ತಾಗ್ತು," ಎಂದಳು. "ಐದಕ್ಕೈದು."

ಆರಿನ್ ಬೋಲ್ಟು ಎಳೆದು, ಖಾಲಿಯೇ ಎಂದು ಬೆರಳು ಹಾಕಿ ನೋಡಿ, ಕೋವಿಯನ್ನು ಮೇಜಿನ ಮೇಲೆ ಮಲಗಿಸಿದ. ಕಿವಿಯ ಮುಚ್ಚಿಗೆ ತೆಗೆದು ಮಡಿಲಲ್ಲಿಟ್ಟುಕೊಂಡ.

"ಚೆನ್ನಾಗಿ ಹೊಡೆದೆ ಲೈಲ್," ಎಂದ. "ಯಾವಾಗ್ಲೂ ಚೆನ್ನಾಗೇ ಹೊಡೀತೀಯ."

ಲೈಲ್ ತಲೆ ತಗ್ಗಿಸಿ ಬೋಲ್ಟು ಒರೆಸತೊಡಗಿದ.

"ಕೊನೇದು ಬೇಕಂತ್ಲೇ ಗುಡ್ಡಕ್ಕೆ ಹೊಡೆದೆ ವರ್ನಾ. ಧೂಳೆದ್ದಿದ್ದು ನಿಂಗೆ ಕಂಡಿರುತ್ತೆ."

"ಕಂಡಿತು," ಎಂದಳು ಅವಳು.

"ನಾಲ್ಕನೇದು ನಂದು. ಆ ಗಂಟೆ ಕೇಳಿದ ಮೇಲೇ ಮಿಕ್ಕಿದ ಟಿಣ್ ಯಾರದು ಅಂತ ತಿಳೀತು. ಐದರಲ್ಲಿ ಒಂದು." ಅವನು ಎದ್ದು ನಿಂತು ಅಂಗಿಯ ಧೂಳು ಕೊಡವಿಕೊಂಡ. "ಲೈಲ್, ಕೋವಿ ನಿನ್ನ ಗಾಡೀಲಿ ಹಾಕ್ಕೊಂಡು ಹೋಗು. ಎಡಗೈಯೋನು ಯಾರಾದ್ರೂ ಸಿಕ್ಕಿದ್ರೆ ಕೊಡು."

"ಆರಿನ್, ಮಾರಾಯ, ನಾವು ನಿಂಗೋಸ್ಕರ..."

"ಗೊತ್ತಯ್ಯಾ. ನಂಗೋಸ್ಕರಾನೇ. ಅದಕ್ಕೇ ಬೈಯೋಕೂ ಆಗ್ತಿಲ್ಲ."

ವಾಪಸು ಬರುವಾಗ ಅವನು ಏನನ್ನೂ ಕೇಳಲಿಲ್ಲ. ಕೆರೆ ಬಂತು, ಹೋಯಿತು. ಪೀಟರ್ಸನ್ನರ ಹುಲ್ಲುಗಾವಲು ಬಂತು. ವರ್ನಾಗೆ ಫ್ರಿಜ್ಜಿನ ಖಾಲಿ ಬಾಗಿಲಿನ ವಿಷಯ ಗಂಟಲ ತನಕ ಬಂದಿತ್ತು. ನೀನೂ ನನ್ನ ಹತ್ತಿರ ದಿನಾ ಸುಳ್ಳು ಹೇಳಲಿಲ್ಲವೇ ಎಂದು ಒಂದು ಮಾತು ಎಸೆದುಬಿಡಬಹುದಾಗಿತ್ತು. ಎಸೆದು ಏನು ಸಿಗುತ್ತದೆ? ಅವನು ಸುಳ್ಳು ಹೇಳಿದ್ದು ತನ್ನ ಕಣ್ಣಿನ ಬಗ್ಗೆ. ಅವಳು ಹೇಳಿದ್ದು ಅವಳ ಕಣ್ಣಿನಿಂದ, ಅವನು ಸಾಯುವ ತನಕ ಎರವಲು ತೆಗೆದುಕೊಳ್ಳಬೇಕಾಗಿದ್ದ ಕಣ್ಣಿನಿಂದ. ಆ ಎರಡೂ ಒಂದೇ ಅಲ್ಲವೆಂದು ಅವಳಿಗೆ ಗೊತ್ತಿತ್ತು, ನುಂಗಿಕೊಂಡಳು.

ತಿರುವಿನಲ್ಲಿ ಅವಳ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು. ಪೈನ್ ಮರಗಳ ಅಂಚಿನಿಂದ ಎಲ್ಕ್ ಹಿಂಡು ಕೊಯ್ದ ಹುಲ್ಲಿಗೆ ಇಳಿಯುತ್ತಿತ್ತು. ಇಷ್ಟು ಮುಂಚೆ, ಇಷ್ಟು ಕೆಳಗೆ ಅವು ಬಂದದ್ದನ್ನು ಅವಳು ಯಾವ ವರ್ಷವೂ ಕಂಡಿರಲಿಲ್ಲ. ಹಿಂದೆ ಒಂದು ಗಂಡು, ಬಿಸಿಲಿಗೆ ಹೊಳೆಯುವ ಕೊಂಬನ್ನು ಬೆನ್ನಿನ ಮೇಲೆ ಒರಗಿಸಿಕೊಂಡು, ರಸ್ತೆಯ ಕಡೆಗೇ ನೋಡುತ್ತ ನಿಂತಿತ್ತು. ಬೇಲಿಯಾಚೆ, ಕಲ್ಲೆಸೆತದಲ್ಲಿ.

"ಆರಿನ್," ಎಂದಳು, ದನಿ ತಗ್ಗಿಸಿ. "ಎಲ್ಕ್ ಇಳಿದಿದಾವೆ ಕಣೋ. ಪೀಟರ್ಸನ್ನ ಹುಲ್ಲಿಗೆ. ದೊಡ್ಡ ಗಂಡು ಒಂದಿದೆ, ಅಷ್ಟು ದೊಡ್ಡದು ನಾನು ನೋಡೇ ಇಲ್ಲ. ಇಲ್ಲೇ, ನಿನ್ನ ಕಿಟಕಿ ಕಡೆ."

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. ಬಹಳ ಹೊತ್ತು ನೋಡಿದ, ಅಥವಾ ನೋಡುವವನಂತೆ ಕೂತಿದ್ದ. ಹುಲ್ಲು ಕಂಡಿರಬೇಕು, ಬೇಲಿ ಕಂಡಿರಬೇಕು, ಬೆಟ್ಟದ ಅಂಚು ಕಂಡಿರಬೇಕು.

"ನಿಜವಾಗ್ಲೂ ಇದೆ ಆರಿನ್. ದೇವರಾಣೆ."

"ಇರಬಹುದು," ಎಂದ ಅವನು.